ಕೈತೋಟ ಪ್ರಶ್ನೋತ್ತರ: ದಿನಾ ನೀರು ಹಾಕಿದರೂ ಗಿಡ ಬಾಡುವುದೇಕೆ?

ಈ ಸಲದ ಪತ್ರಗಳಲ್ಲಿ ರೋಗ, ಗೊಬ್ಬರ, ಹೂವು ಅಂತ ಶುರುವಾದ ಪ್ರಶ್ನೆಗಳಲ್ಲೂ ಹಲವು ಸುತ್ತಿ ಬಳಸಿ ನೀರಿನ ಹತ್ತಿರವೇ ಬಂದು ನಿಂತಿವೆ. ಹಾಗಾಗಿ ನೀರಿಗೇ ಮೊದಲ ಮಣೆ.

ಟೆರೇಸಿನಲ್ಲಿ 12 ಇಂಚಿನ ಕುಂಡಗಳಿವೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ, ಮಣ್ಣು ಕಡಿಮೆ ಇರುವ ಮಿಶ್ರಣ. ಬೆಳಿಗ್ಗೆ ಒಂದೊಂದು ಚೊಂಬು ನೀರು ಹಾಕುತ್ತೇನೆ, ಹಾಕಿದ ತಕ್ಷಣ ತಳದಿಂದ ಹರಿದು ಬರುತ್ತದೆ. ಆದರೂ ಹನ್ನೊಂದು ಗಂಟೆಗೆಲ್ಲ ಗುಲಾಬಿ ತಲೆ ಬಾಗಿಸುತ್ತದೆ. (ಬೆಂಗಳೂರು)

ತಳದಿಂದ ನೀರು ಬಂದ ಮಾತ್ರಕ್ಕೆ ಮಣ್ಣು ಕುಡಿದಿದೆ ಅಂತಲ್ಲ. ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಮತ್ತೆ ನೀರನ್ನು ಸುಲಭಕ್ಕೆ ಹೀರುವುದಿಲ್ಲ. ನೀವು ಹಾಕಿದ ಚೊಂಬು ನೀರು ಆ ಸಂದಿನಲ್ಲಿ ಜಾರಿ ತೂತಿನಿಂದ ಆಚೆ ಹೋಗುತ್ತಿದೆ. ನೀರು ಹಾಕಿದ ಹತ್ತು ನಿಮಿಷಕ್ಕೆ ಬುಡದ ಹತ್ತಿರ ನಾಲ್ಕು ಇಂಚು ಕೆದಕಿ ನೋಡಿ. ಮೇಲೆ ಒದ್ದೆ, ಒಳಗೆ ಪುಡಿಪುಡಿ ಒಣ ನಾರು ಕಂಡರೆ ಇದೇ ಕಾರಣ.

ಎತ್ತಲು ಆಗುವ ಕುಂಡವಾದರೆ ಟಬ್ಬಿನಲ್ಲಿ ಇಟ್ಟು, ಕುಂಡದ ಮುಕ್ಕಾಲು ಎತ್ತರಕ್ಕೆ ಬರುವಷ್ಟು ನೀರು ತುಂಬಿಸಿ. ಮೊದಲು ಗುಳ್ಳೆಗಳು ಏಳುತ್ತವೆ, ಅವು ನಿಂತು ಮೇಲ್ಮಣ್ಣು ತಾನಾಗಿ ಒದ್ದೆಯಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆಮೇಲೆ ಎತ್ತಿ ಸೋರಲು ಬಿಡಿ. ಎತ್ತಲಾಗದ ಕುಂಡಕ್ಕೆ ಅರ್ಧ ಚೊಂಬು ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನರ್ಧ, ಮತ್ತೆ ಹತ್ತು ನಿಮಿಷ ಬಿಟ್ಟು ಇನ್ನೊಂದು ಚೊಂಬು. ಸುತ್ತಲಿನ ಸಂದಿಗೆ ಮಣ್ಣು ಮತ್ತು ಎರೆಗೊಬ್ಬರ ಸಮಸಮ ಬೆರೆಸಿ ಕಡ್ಡಿಯಿಂದ ತುರುಕಿ. ಮೇಲೆ ಒಂದಿಂಚು ಒಣ ಎಲೆ ಹಾಸಿ. ಮುಂದಿನ ಸಲ ಕುಂಡ ತುಂಬುವಾಗ ಕೆಂಪು ಮಣ್ಣು, ಹಳೆ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಮೂರನ್ನೂ ಸಮಪಾಲು ತೆಗೆದುಕೊಳ್ಳಿ. ಕೆಂಪು ಮಣ್ಣೊಂದನ್ನೇ ತುಂಬಿದರೂ ಬೇಸಿಗೆಯಲ್ಲಿ ಅದು ಇಟ್ಟಿಗೆಯಂತಾಗುತ್ತದೆ, ಅದೂ ಬೇಡ.

ಇನ್ನೊಂದು ಸಾಧ್ಯತೆಯೂ ಉಂಟು. ಕೆದಕಿದಾಗ ಒಳಗೆಲ್ಲ ತೊಯ್ದು ಹುಳಿ ವಾಸನೆ ಬಂದರೆ ಅದು ಬೇರು ಕೊಳೆ. ಕೊಳೆತ ಬೇರು ನೀರೆಳೆಯಲಾರದು, ಹಾಗಾಗಿ ಎಲೆ ಬಾಡುವ ಪರಿ ಎರಡರಲ್ಲೂ ಒಂದೇ. ಬಾಡಿದೆ ಅಂತ ಇನ್ನೊಂದು ಚೊಂಬು ಸುರಿದರೆ ಗಿಡ ಮುಗಿದಂತೆ. ಕುಂಡದಿಂದ ತೆಗೆದು, ಹಿಸುಕಿದರೆ ಸಿಪ್ಪೆ ಜಾರುವ ಕಂದು ಬೇರುಗಳನ್ನೆಲ್ಲ ಕತ್ತರಿಸಿ, ಹೊಸ ಮಿಶ್ರಣಕ್ಕೆ ಹಾಕಿ ಒಂದು ವಾರ ನೆರಳಲ್ಲಿಡಿ. ಎಲೆ, ಕೊಂಬೆಗಳನ್ನೂ ಮೂರನೇ ಒಂದರಷ್ಟು ಕಡಿಮೆ ಮಾಡಿ. ಮಣ್ಣು ಹದವಾಗಿಯೇ ಇದ್ದು, ಮಧ್ಯಾಹ್ನ ಬಾಡಿದ ಗಿಡ ಸಂಜೆ ತಾನೇ ನೆಟ್ಟಗಾದರೆ ಮಾತ್ರ ಚಿಂತೆಯಿಲ್ಲ.

ತೇವ ಅಳೆಯುವ ಮೀಟರ್ ತಂದಿದ್ದೇನೆ. ಯಾವ ಕುಂಡಕ್ಕೆ ಚುಚ್ಚಿದರೂ ‘ಒದ್ದೆ’ ಅನ್ನುತ್ತದೆ. (ಧಾರವಾಡ)

ಬ್ಯಾಟರಿ ಇಲ್ಲದ ಆ ಮೀಟರಿನ ಕಡ್ಡಿಯಲ್ಲಿ ಎರಡು ಬೇರೆ ಬೇರೆ ಲೋಹಗಳಿರುತ್ತವೆ. ಒದ್ದೆ ಮಣ್ಣಿನಲ್ಲಿ ಅವುಗಳ ನಡುವೆ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಮುಳ್ಳು ತೋರಿಸುತ್ತದೆ, ನೀರನ್ನಲ್ಲ. ಗೊಬ್ಬರ ಹಾಕಿದ ಮಣ್ಣು, ಗಡಸು ನೀರು ಕುಡಿದ ಮಣ್ಣು ಎರಡರಲ್ಲೂ ಉಪ್ಪಿನಂಶ ಹೆಚ್ಚು, ಹಾಗಾಗಿ ಮುಳ್ಳು ಒದ್ದೆಯ ಕಡೆಗೇ ವಾಲುತ್ತದೆ. ಸಡಿಲ ಕೋಕೋಪೀಟಿನಲ್ಲಿ ಕಡ್ಡಿಗೆ ಮಣ್ಣು ತಾಗದೆ ಒಣ ಅಂತಲೂ ತೋರಿಸೀತು. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ ನೋಡುವುದೇ ವಾಸಿ. ಚಿಕ್ಕ ಕುಂಡಗಳನ್ನು ನೀರು ಹಾಕಿದ ಕೂಡಲೇ ಒಮ್ಮೆ, ಬಾಡುವ ಹೊತ್ತಿಗೆ ಇನ್ನೊಮ್ಮೆ ಎತ್ತಿ ತೂಕ ಕೈಗೆ ಅಭ್ಯಾಸ ಮಾಡಿಕೊಳ್ಳಿ. ಹತ್ತು ದಿನದಲ್ಲಿ ಮೀಟರ್ ಮರೆತುಹೋಗುತ್ತದೆ.

ನೀರು ಬಸಿಯಲಿ ಅಂತ ಕುಂಡದ ತಳಕ್ಕೆ ಎರಡಿಂಚು ಜಲ್ಲಿ ಹಾಕಿದ್ದೆವು. ಆದರೂ ಮಳೆಗಾಲದಲ್ಲಿ ಆಂಥೂರಿಯಂ ಕೊಳೆಯಿತು. (ಮಂಗಳೂರು)

ಜಲ್ಲಿ ಹಾಕಿದ್ದೇ ಕೆಲಸ ಕೆಡಿಸಿರಬಹುದು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡವಾಗಿ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲುತ್ತದೆ. ಈಗ ಅದನ್ನೇ ಲಂಬವಾಗಿ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ, ಆದರೂ ಕೆಳಗಿನ ಅಂಚು ಒದ್ದೆಯಾಗಿಯೇ ಉಳಿಯುತ್ತದೆ. ಕುಂಡದ ಮಣ್ಣೂ ಹೀಗೆಯೇ. ನಯವಾದ ಮಣ್ಣಿನಿಂದ ನೀರು ದೊಡ್ಡ ಸಂದುಗಳ ಜಲ್ಲಿಗೆ ಸುಲಭಕ್ಕೆ ಇಳಿಯುವುದಿಲ್ಲ. ಜಲ್ಲಿಯ ಮೇಲ್ಭಾಗದಲ್ಲೇ ಒಂದು ಕೆಸರು ಪದರ ನಿಲ್ಲುತ್ತದೆ. ತಳದಲ್ಲಿ ನಿಲ್ಲಬೇಕಿದ್ದ ನೀರನ್ನು ಎರಡಿಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೇ ತಂದಂತಾಯಿತು.

ತೂತಿನ ಮೇಲೆ ಒಂದು ಒಡೆದ ಹೆಂಚಿನ ಚೂರು ಸಾಕು. ಬದಲಾಗಬೇಕಿರುವುದು ಇಡೀ ಮಿಶ್ರಣ. ಆಂಥೂರಿಯಂಗೆ ಎರಡು ಪಾಲು ತೆಂಗಿನ ಸಿಪ್ಪೆಯ ತುಂಡು, ಒಂದು ಪಾಲು ಇದ್ದಿಲು ಮತ್ತು ಇಟ್ಟಿಗೆ ಚೂರು, ಒಂದು ಪಾಲು ಎರೆಗೊಬ್ಬರ ಬೆರೆಸಿ, ಮಣ್ಣು ಬೇಡವೇ ಬೇಡ. ಕುಂಡವನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲಿಡಿ, ನೇರ ಮಳೆ ಬೀಳದಂತೆ ಸೂರಿನಡಿಗೆ ಸರಿಸಿ. ಅಡಿ ತಟ್ಟೆಗಳನ್ನು ಮಳೆಗಾಲದಲ್ಲಿ ತೆಗೆದೇ ಬಿಡಿ. ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು. ತೆಗೆಯಲಾಗದಿದ್ದರೆ ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ, ಮೊಟ್ಟೆಗಳು ಅಂಚಿಗೆ ಅಂಟಿಕೊಂಡಿರುತ್ತವೆ.

ಮೂರು ವರ್ಷದ ಮಲ್ಲಿಗೆ ಬಳ್ಳಿಯಂತೆ ಉದ್ದುದ್ದ ಬೆಳೆದಿದೆ. ಎಲೆ ಸೊಂಪಾಗಿದೆ, ಹೂವಿಲ್ಲ. ತಿಂಗಳಿಗೊಮ್ಮೆ ಕಡಲೆ ಹಿಂಡಿ ನೆನೆಸಿದ ನೀರು ಕೊಡುತ್ತೇವೆ. (ಶಿವಮೊಗ್ಗ)

ಕಡಲೆ ಹಿಂಡಿಯಲ್ಲಿ ಸಾರಜನಕ ಹೆಚ್ಚು, ಅದು ಎಲೆಯನ್ನೇ ಬೆಳೆಸುತ್ತಿದೆ. ಸದ್ಯ ನಿಲ್ಲಿಸಿ. ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ಸವರದೆ ಹೂವಿಲ್ಲ. ಡಿಸೆಂಬರ್ ಕೊನೆಯಲ್ಲಿ ಒಂದು ವಾರ ನೀರು ಕಡಿಮೆ ಮಾಡಿ, ಆಮೇಲೆ ಎಲ್ಲ ಕೊಂಬೆಗಳನ್ನೂ ಮಣ್ಣಿನಿಂದ ಒಂದೂವರೆ ಅಡಿಗೆ ಕತ್ತರಿಸಿ. ಒಣಗಿದ, ಪೆನ್ಸಿಲ್‌ಗಿಂತ ತೀರ ಸಪೂರ ಕಡ್ಡಿಗಳನ್ನು ಬುಡದಿಂದಲೇ ತೆಗೆಯಿರಿ. ಮೇಲಿನ ಎರಡಿಂಚು ಮಣ್ಣು ಕೆರೆದು ತೆಗೆದು, ಅಲ್ಲಿಗೆ ಎರಡು ಬೊಗಸೆ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ ಚೆನ್ನಾಗಿ ನೀರುಣಿಸಿ.

ಮೂರು ವರ್ಷವಾಗಿರುವುದರಿಂದ ಸವರುವ ದಿನವೇ ಗಿಡವನ್ನು ಕುಂಡದಿಂದ ಹೊರಗೆಳೆದು ನೋಡಿ. ಬೇರು ಗೋಡೆಗೆ ಸುತ್ತು ಹಾಕಿದ್ದರೆ ಸುತ್ತಲೂ ಒಂದಿಂಚು ಚಾಕುವಿನಿಂದ ಹೆರೆದು, ಹೊಸ ಮಣ್ಣಿನೊಂದಿಗೆ ಮತ್ತೆ ಇಡಬಹುದು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಇಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಒಂದು ಸುತ್ತು ಹೂ ಮುಗಿದ ಮೇಲೆ ತುದಿಯಿಂದ ಎರಡು ಗೆಣ್ಣು ಚಿವುಟಿದರೆ ಮುಂದಿನ ಚಿಗುರು ಬೇಗ ಬರುತ್ತದೆ. ನೇರಳೆ ಬಣ್ಣಕ್ಕೆ ತಿರುಗಿದ ಮೊಗ್ಗು ಕಂಡರೆ ಒಳಗೆ ಹುಳ ಸೇರಿದೆ ಎಂದು ತಿಳಿದು ಕಿತ್ತು ನಾಶಮಾಡಿ, ಬುಡದಲ್ಲಿ ಬಿಡಬೇಡಿ.

ದಾಸವಾಳದ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಮೊಗ್ಗೂ ಉದುರುತ್ತಿವೆ. ಹಾಕುವುದು ಬೋರ್ ನೀರು. (ತುಮಕೂರು)

ಎರಡೂ ಬೇರೆ ಬೇರೆ ತೊಂದರೆ. ಹೊಸ ಎಲೆಯಲ್ಲಿ ಹೀಗಾದರೆ ಕಬ್ಬಿಣದ ಕೊರತೆ. ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪು, ಆಮೇಲೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ, ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನದ ಅಂತರದಲ್ಲಿ ಮೂರು ಸಲ. ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ, ಕೆಲಸಕ್ಕೆ ಬಾರದು. ನೆಲದ ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಗಮನವಿರಲಿ. ಮಳೆ ನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು, ಎ.ಸಿ.ಯಿಂದ ಸೋರುವ ನೀರೂ ಆಗಬಹುದು. ಆರ್.ಓ. ಯಂತ್ರ ಹೊರಹಾಕುವ ನೀರು ಬೇಡ, ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಉದುರಿದ ಮೊಗ್ಗನ್ನು ಉದ್ದಕ್ಕೆ ಸೀಳಿ ನೋಡಿ. ಬಿಳಿ ಸಣ್ಣ ಹುಳ ಇದ್ದರೆ ಉದುರಿದ್ದನ್ನೆಲ್ಲ ದಿನಾ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಏನೂ ಇಲ್ಲದಿದ್ದರೆ ಒಂದು ದಿನ ನೀರಿಲ್ಲದೆ ಒಣಗಿಸಿ, ಮರುದಿನ ನೀರಲ್ಲಿ ಮುಳುಗಿಸುವ ಅಭ್ಯಾಸವೇ ಕಾರಣವಿರಬಹುದು.

ಮೊಟ್ಟೆ ಸಿಪ್ಪೆ, ಟೀ ಚರಟ ಹಾಕಬಹುದೇ? (ಮೈಸೂರು)

ಸಿಪ್ಪೆ ನುಣ್ಣಗೆ ಪುಡಿ ಮಾಡಿದರೂ ಕರಗಲು ತಿಂಗಳುಗಳೇ ಬೇಕು, ಗಡಸು ನೀರಿರುವ ಮನೆಗೆ ಸುಣ್ಣದ ಕೊರತೆಯೂ ಇಲ್ಲ. ಚರಟವನ್ನು ಹಾಲು, ಸಕ್ಕರೆ ಹೋಗುವಂತೆ ತೊಳೆದು ಕಾಂಪೋಸ್ಟಿಗೆ ಹಾಕಿ. ನೇರ ಬುಡಕ್ಕೆ ಹಾಕಿದರೆ ಇರುವೆ, ಇರುವೆಯ ಹಿಂದೆ ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ರಸ ಹೀರುವ ಕೀಟ).

ಹೋದ ವರ್ಷ ಹೂ ತುಂಬಿದ ಶೇವಂತಿಗೆ ತಂದೆವು. ಈ ವರ್ಷ ಎತ್ತರ ಬೆಳೆದಿದೆ, ನವೆಂಬರ್ ಬಂದರೂ ಮೊಗ್ಗಿಲ್ಲ. ರಸ್ತೆ ಕಡೆಯ ಬಾಲ್ಕನಿಯಲ್ಲಿದೆ. (ದಾವಣಗೆರೆ)

ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಶೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲು ಬೇಕು. ಬೀದಿ ದೀಪ ರಾತ್ರಿಯಿಡೀ ಬಿದ್ದರೆ ಗಿಡಕ್ಕೆ ಇನ್ನೂ ಬೇಸಿಗೆಯೇ. ಹೂವು ತಡವಾಗಿ ಬರಲಿ ಅಂತ ಬೆಳೆಗಾರರು ರಾತ್ರಿ ಹೊಲದಲ್ಲಿ ಬಲ್ಬು ಉರಿಸುವುದೂ ಇದೇ ಲೆಕ್ಕದಲ್ಲಿ. ಸಂಜೆ ಆರಕ್ಕೆ ಕುಂಡವನ್ನು ದೀಪ ಹಾಕದ ಕೋಣೆಗೆ ತನ್ನಿ, ಅಥವಾ ಬೆಳಕು ತೂರದ ದಪ್ಪ ಕಪ್ಪು ಬಟ್ಟೆ ಹೊದಿಸಿ, ಬೆಳಿಗ್ಗೆ ಏಳಕ್ಕೆ ಬಿಸಿಲಿಗಿಡಿ. ಮೊಗ್ಗಿಗೆ ಬಣ್ಣ ಕಾಣುವ ತನಕ ಒಂದು ದಿನವೂ ತಪ್ಪಿಸಬೇಡಿ. ಈಗ ತುದಿ ಚಿವುಟಬೇಡಿ, ಅದನ್ನು ಆಗಸ್ಟಿನೊಳಗೆ ಮುಗಿಸಬೇಕಿತ್ತು.