ಊರು ಬಿಡುವ ಮುನ್ನ ಒಂದು ಮಂಗಳವಾರ

ಆಪ್ತಸಲಹೆಗೆಂದು ದಂಪತಿ ನನ್ನ ಬಳಿಗೆ ಮೊದಲ ಸಲ ಬಂದಾಗ ಪತಿಯ ಕೈಯಲ್ಲಿ ನೀಲಿ ಬಣ್ಣದ ಕಡತವಿತ್ತು. ಕುಳಿತುಕೊಳ್ಳುವ ಮೊದಲೇ ಅದನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಹರಡಿದರು. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಕೊಯಮತ್ತೂರು. ಮನೆ ಬಾಡಿಗೆ, ಶಾಲೆಯ ಶುಲ್ಕ, ಗಾಳಿ, ಕುಡಿಯುವ ನೀರು, ಆಸ್ಪತ್ರೆಗೆ ಎಷ್ಟು ದೂರ ಎಂದೆಲ್ಲ ಹದಿನೆಂಟು ಸಾಲುಗಳು. ಹದಿನೈದರಲ್ಲಿ ಕೊಯಮತ್ತೂರು ಗೆದ್ದಿತ್ತು. "ಇಷ್ಟು ಸ್ಪಷ್ಟವಾಗಿದ್ದರೂ ಮನೆಯಲ್ಲಿ ಯಾರಿಗೂ ಉತ್ಸಾಹವಿಲ್ಲ, ಮೇಡಂ. ಯಾಕೆಂದು ಅರ್ಥವಾಗುತ್ತಿಲ್ಲ" ಎಂದರು. ಪಕ್ಕದಲ್ಲಿದ್ದ ಪತ್ನಿ ಆ ಹಾಳೆಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವರಿಗೆ ಅದು ಬಾಯಿಪಾಠವಾಗಿರಬೇಕು.

ಈ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಪತಿಗೆ ನಲವತ್ತೆರಡು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಪತ್ನಿ ಹದಿನಾಲ್ಕು ವರ್ಷಗಳಿಂದ ಶಾಲಾ ಶಿಕ್ಷಕಿ. ಎಂಟನೇ ತರಗತಿ ಮುಗಿಸುತ್ತಿದ್ದ ಒಬ್ಬಳೇ ಮಗಳು. ಜೊತೆಗೆ ಪತಿಯ ತಾಯಿ, ಎಪ್ಪತ್ತೊಂದು ವರ್ಷ. ಯಜಮಾನರು ತೀರಿಕೊಂಡ ಮೇಲೆ ಹಾಸನದ ಕಡೆಯ ಹಳ್ಳಿ ಬಿಟ್ಟು ಮಗನ ಮನೆಗೆ ಬಂದವರು.

ಊರು ಬಿಡುವ ಆಲೋಚನೆ ಹುಟ್ಟಿದ್ದು 2024ರ ಬೇಸಿಗೆಯಲ್ಲಿ. ಬೆಂಗಳೂರಿನ ನೀರಿನ ಬವಣೆ ದೇಶಕ್ಕೆಲ್ಲ ಸುದ್ದಿಯಾದ ಕಾಲ. ಅವರ ಅಪಾರ್ಟ್‌ಮೆಂಟ್‌ನ ಕೊಳವೆಬಾವಿಯೂ ಬತ್ತಿತು. ಬೆಳಿಗ್ಗೆ ಐದಕ್ಕೆ ಎದ್ದು ಟ್ಯಾಂಕರ್ ಬಂತೇ ಎಂದು ಬಾಲ್ಕನಿಯಿಂದ ಬಗ್ಗಿ ನೋಡುವುದು, ಆಮೇಲೆ ಕಚೇರಿಗೆ ಹೋಗಿ ಬರುವ ರಸ್ತೆಯಲ್ಲಿ ದಿನಕ್ಕೆ ಮೂರು ಗಂಟೆ. "ಇದು ಬದುಕೇ?" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮಳೆ ಬಂದು ನೀರಿನ ಕಷ್ಟ ತಗ್ಗಿದರೂ ಆ ಪ್ರಶ್ನೆ ತಗ್ಗಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ನನ್ನ ಬಳಿ ಬರುವ ಹೊತ್ತಿಗೆ, ಏಪ್ರಿಲ್‌ನಲ್ಲಿ ಹೊಸ ಶೈಕ್ಷಣಿಕ ವರ್ಷ ಶುರುವಾಗುವುದರೊಳಗೆ ಸಾಮಾನು ಸಾಗಿಸಬೇಕೆಂಬುದು ಅವರ ಲೆಕ್ಕವಾಗಿತ್ತು.

ಮೊದಲು ನಾನು ಕೇಳಿದ್ದು ನಿದ್ರೆಯ ಬಗ್ಗೆ. ನಾಲ್ಕು ಗಂಟೆ, ಹೆಚ್ಚೆಂದರೆ ಐದು. ಭಾನುವಾರ ಸಂಜೆಯಾದರೆ ಎದೆ ಬಿಗಿಯುತ್ತದೆ ಎಂದರು. ಮೊದಲು ವೈದ್ಯರಲ್ಲಿ ಹೃದಯದ ತಪಾಸಣೆ ಮಾಡಿಸಿಕೊಳ್ಳಿ, ಆಮೇಲೆ ಊರಿನ ಮಾತು ಎಂದು ಹೇಳಿ ಕಳುಹಿಸಿದೆ. ಇದನ್ನು ಒತ್ತಿ ಹೇಳುತ್ತೇನೆ. ನಿದ್ರೆಗೆಟ್ಟ ಮನಸ್ಸಿಗೆ ಎಲ್ಲ ಬಾಗಿಲುಗಳೂ ಹೊರಗೆ ಹೋಗುವ ಬಾಗಿಲಾಗಿಯೇ ಕಾಣುತ್ತವೆ. ಹೃದಯದಲ್ಲಿ ತೊಂದರೆ ಇರಲಿಲ್ಲ. ಆತಂಕಕ್ಕೆ ಚಿಕಿತ್ಸೆ ಶುರುವಾಯಿತು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಪತಿಯ ಎದುರಿನಲ್ಲೇ ಪತ್ನಿಯನ್ನು "ನಿಮಗೆ ಹೋಗಲು ಇಷ್ಟವಿದೆಯೇ?" ಎಂದು ಕೇಳಿದೆ. "ಎಲ್ಲರಿಗೂ ಒಳ್ಳೆಯದಾದರೆ ನನಗೇನು" ಎಂದರು. ನಾನದನ್ನು ಒಪ್ಪಿಗೆ ಎಂದೇ ಬರೆದುಕೊಂಡೆ. ಇಷ್ಟು ವರ್ಷ ಈ ಕೆಲಸ ಮಾಡಿದವಳು ಆ ಉತ್ತರದಲ್ಲಿ "ನಾನು" ಎಲ್ಲಿದೆ ಎಂದು ಹುಡುಕಬೇಕಿತ್ತು.

ಮೂರನೇ ಭೇಟಿಗೆ ಎಲ್ಲರಿಗೂ ಮನೆಗೆಲಸ ಕೊಟ್ಟೆ. ಹೊಸ ಊರಿಗೆ ಹೋಗಿ ಆರು ತಿಂಗಳಾಗಿದೆ ಎಂದುಕೊಳ್ಳಿ. ಹಬ್ಬವಲ್ಲ, ರಜೆಯಲ್ಲ, ನೆಂಟರು ಬಂದಿಲ್ಲ, ಬರಿಯ ಮಂಗಳವಾರ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆ ಗಂಟೆಗೂ ಏನು ಮಾಡುತ್ತಿರುತ್ತೀರಿ, ಯಾರ ಜೊತೆ ಇರುತ್ತೀರಿ ಎಂದು ಬರೆಯಿರಿ. ಒಬ್ಬರದು ಒಬ್ಬರು ನೋಡಬಾರದು.

ಇದಕ್ಕೊಂದು ಕಾರಣವಿದೆ. 1998ರಲ್ಲಿ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಸಂಶೋಧಕರು ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಮಧ್ಯಪಶ್ಚಿಮ ಭಾಗದ ವಿದ್ಯಾರ್ಥಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಕ್ಯಾಲಿಫೋರ್ನಿಯಾದವರು ಹೆಚ್ಚು ಸುಖವಾಗಿದ್ದಾರೆ ಎಂದು ಎರಡೂ ಕಡೆಯವರು ಊಹಿಸಿದ್ದರು. ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ ಎಂದು ಅವರವರನ್ನೇ ಕೇಳಿದಾಗ ವ್ಯತ್ಯಾಸವೇ ಕಾಣಲಿಲ್ಲ. ದೂರದ ಊರನ್ನು ನೆನೆಯುವಾಗ ಕಣ್ಣಿಗೆ ಬೀಳುವುದು ಅಲ್ಲಿಯ ಹವೆ. ಅಲ್ಲಿಗೆ ಹೋದ ಮೇಲೆ ದಿನ ತುಂಬುವುದು ಕೆಲಸ, ಮನೆ, ಮಾತನಾಡಲು ಸಿಗುವ ಜನ. ಅವರ ಕಡತದಲ್ಲಿ ಹವೆಗೆ ಮೂರು ಸಾಲುಗಳಿದ್ದವು. ಜನರಿಗೆ ಒಂದೂ ಇರಲಿಲ್ಲ.

ಪತಿಯ ಮಂಗಳವಾರ ತುಂಬಿ ತುಳುಕುತ್ತಿತ್ತು. ಮನೆಯಿಂದಲೇ ಕೆಲಸ, ಮಧ್ಯಾಹ್ನ ಅಮ್ಮನ ಜೊತೆ ಊಟ, ಸಂಜೆ ಆರಕ್ಕೆ ಮಗಳ ಜೊತೆ ನಡಿಗೆ. "ಈ ನಡಿಗೆ ಇಲ್ಲಿ ಏಕಿಲ್ಲ?" ಎಂದು ಕೇಳಿದೆ. ಮನೆ ಸೇರುವುದು ಒಂಬತ್ತಕ್ಕೆ ಎಂದರು. ಹಾಗಾದರೆ ಕೊಯಮತ್ತೂರಿಗೆ ಹೋದ ಮೇಲೆ ಮನೆಯಿಂದ ಕೆಲಸ ಮಾಡಲು ಕಂಪನಿ ಒಪ್ಪಿದೆಯೇ? ಒಪ್ಪಿದೆ. ಬೆಂಗಳೂರಿನಲ್ಲಿದ್ದೇ ವಾರಕ್ಕೆ ಮೂರು ದಿನ ಮನೆಯಿಂದ ಮಾಡುತ್ತೇನೆ ಎಂದು ಎಂದಾದರೂ ಕೇಳಿದ್ದೀರಾ? ಅವರು ಬಹಳ ಹೊತ್ತು ಸುಮ್ಮನಿದ್ದರು. ಊರು ಬಿಡುತ್ತೇನೆ ಎಂದರೆ ಕೇಳಲು ಒಂದು ಕಾರಣ ಸಿಗುತ್ತದೆ, ಸುಸ್ತಾಗಿದೆ ಎಂದು ಕೇಳಲು ಬಾಯಿ ಬರುವುದಿಲ್ಲ. ನನ್ನ ಬಳಿಗೆ ಬರುವ ಎಷ್ಟೋ ಗಂಡಸರ ಕಷ್ಟ ಇದು.

ಪತ್ನಿಯ ಹಾಳೆ ನನ್ನ ಕಣ್ಣಿಗೆ ಇಂದಿಗೂ ಕಟ್ಟಿದಂತಿದೆ. ಮುತ್ತಿನಂತಹ ಅಕ್ಷರ. ಆರು ಗಂಟೆ, ಹಾಲು ಕಾಯಿಸುವುದು. ಏಳು, ಮಗಳ ಡಬ್ಬಿ. ಎಂಟು, ಅತ್ತೆಯ ಬಿ.ಪಿ. ಮಾತ್ರೆ. ಒಂಬತ್ತು ಎಂದು ಬರೆದು, ಮುಂದೆ ಒಂದು ಗೆರೆ ಎಳೆದಿದ್ದರು. ಹತ್ತು, ಹನ್ನೊಂದು, ಹನ್ನೆರಡು ಎಂದು ಗಂಟೆಗಳನ್ನೆಲ್ಲ ಒಂದರ ಕೆಳಗೊಂದು ಬರೆದು ಎದುರಿಗೆ ಏನೂ ಬರೆಯದೆ ಬಿಟ್ಟಿದ್ದರು. ಮತ್ತೆ ಅಕ್ಷರ ಶುರುವಾಗಿದ್ದು ನಾಲ್ಕಕ್ಕೆ, ಮಗಳು ಬರುವ ಹೊತ್ತು. ಪತಿ ಅದನ್ನು ಎತ್ತಿಕೊಂಡು ನೋಡಿದರು, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಕಡತದಲ್ಲಿ "ಪತ್ನಿಯ ಕೆಲಸ" ಎಂಬ ಸಾಲಿನ ಮುಂದೆ ಅವರು "ಅಲ್ಲೇ ಹುಡುಕಬಹುದು" ಎಂದು ಬರೆದಿದ್ದರು.

ಮಗಳ ಜೊತೆ ಪ್ರತ್ಯೇಕವಾಗಿ ಮಾತನಾಡಿದೆ. ಅಪ್ಪ ನಿನ್ನ ಅಭಿಪ್ರಾಯ ಕೇಳಿದರಂತೆ ಎಂದಾಗ, "ಕೇಳಿದರು. ನಾಲ್ಕು ಶಾಲೆಗಳ ಚಿತ್ರ ತೋರಿಸಿ ಯಾವುದು ಇಷ್ಟ ಎಂದು ಕೇಳಿದರು. ಹೋಗಬೇಕೇ ಎಂದು ಕೇಳಲಿಲ್ಲ" ಎಂದಳು. ಹದಿಮೂರರ ಹುಡುಗಿ ಎಷ್ಟು ಸರಿಯಾಗಿ ಹಿಡಿದಿದ್ದಳು! ಏನನ್ನು ಬಿಟ್ಟು ಹೋಗುವುದು ಕಷ್ಟ ಎಂದು ಕೇಳಿದರೆ ಮೊಬೈಲ್‌ನಲ್ಲಿ ಒಂದು ಚಿತ್ರ ತೋರಿಸಿದಳು. ಶಾಲೆಯ ಮೆಟ್ಟಿಲು, ಯಾರೂ ಇಲ್ಲ. ಊಟದ ಬಿಡುವಿನಲ್ಲಿ ಅವಳೂ ಗೆಳತಿಯೂ ಕುಳಿತುಕೊಳ್ಳುವ ಜಾಗ. ಇವಳು ಹತ್ತು ಜನರ ಜೊತೆ ಬೆರೆಯುವವಳಲ್ಲ. ಇರುವುದು ಒಬ್ಬಳೇ ಗೆಳತಿ. ಬಾಲ್ಯದಲ್ಲಿ ಪದೇ ಪದೇ ಊರು ಬದಲಿಸಿದ್ದರ ಭಾರ ಹೆಚ್ಚಾಗಿ ಬೀಳುವುದು ಇಂಥ ಅಂತರ್ಮುಖಿ ಮಕ್ಕಳ ಮೇಲೆ ಎಂದು ಶಿಗೆಹಿರೊ ಒಇಶಿ ಮತ್ತು ಉಲ್ರಿಚ್ ಶಿಮ್ಮಾಕ್ 2010ರಲ್ಲಿ ತೋರಿಸಿದ್ದಾರೆ. ಒಂದು ಸಲ ಹೋದರೆ ಮಗು ಮುರಿದುಬೀಳುತ್ತದೆ ಎಂದು ಇದರ ಅರ್ಥವಲ್ಲ. ಇಂಥ ಮಗುವಿಗೆ ಹೆಚ್ಚು ಸಮಯ ಕೊಡಬೇಕು, ಅಷ್ಟೇ.

ಅಜ್ಜಿ ನನ್ನ ಬಳಿಗೆ ಬರಲಿಲ್ಲ. ಅವರ ವಿಷಯ ತಿಳಿದದ್ದು ಸೊಸೆಯಿಂದ. ಹೋಗುವ ದಿನವನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಆದರೂ ಪಾರ್ಕಿನ ಗೆಳತಿಯರ ಜೊತೆ ಹಾಕುತ್ತಿದ್ದ ಚೀಟಿಯಿಂದ ಜನವರಿಯಲ್ಲೇ ಹೊರಬಂದಿದ್ದರು. ಒಬ್ಬರಿಗೂ ಸುಳಿವು ಕೊಡದೆ ಲೆಕ್ಕ ಚುಕ್ತಾ ಮಾಡಿಕೊಂಡಿದ್ದರು. ಇದನ್ನು ಕೇಳಿದಾಗ ಪತಿ ಕಡತವನ್ನು ಮುಚ್ಚಿದರು.

ಇನ್ನು ನಾನು ಕೊಟ್ಟ ಸಲಹೆ. ಆಪ್ತಸಲಹೆಗಾರರು ಹೋಗಿ ಎಂದೂ ಹೇಳಬಾರದು, ಬೇಡ ಎಂದೂ ಹೇಳಬಾರದು. ಆದರೆ ಕಣ್ಣಿಗೆ ಕಾಣುವ ಹಳ್ಳವನ್ನು ತೋರಿಸದಿರುವುದೂ ತಪ್ಪು. ಇಲ್ಲಿ ದೊಡ್ಡ ಹಳ್ಳವಿದ್ದದ್ದು ಮಗಳ ಓದಿನಲ್ಲಿ. ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಬೇಕಾದರೆ, ಸಾಮಾನ್ಯ ನಿಯಮದ ಪ್ರಕಾರ ಒಂದರಿಂದ ಹನ್ನೆರಡರ ನಡುವೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಹತ್ತನೆಯದೋ ಹನ್ನೆರಡನೆಯದೋ ಒಂದು ಪರೀಕ್ಷೆಯನ್ನು ಇಲ್ಲಿ ಪಾಸು ಮಾಡಿರಬೇಕು. ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶದಲ್ಲಿ ಎಂಟರಿಂದ ಹನ್ನೆರಡರವರೆಗೆ ಅಲ್ಲೇ ಓದಿದವರನ್ನು ಅಲ್ಲಿಯವರೆಂದು ಎಣಿಸುತ್ತಾರೆ. ಎಂಟು ಮುಗಿಸಿ ಹೋದರೆ ಈ ಹುಡುಗಿ ಅಲ್ಲಿಯ ಲೆಕ್ಕಕ್ಕೆ ಒಂದು ವರ್ಷ ತಡ, ಇಲ್ಲಿಯ ಲೆಕ್ಕಕ್ಕೆ ಒಂದು ಪರೀಕ್ಷೆ ಕಡಿಮೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿಯೂ ಶೇ. 85ರಷ್ಟು ಎಂಬಿಬಿಎಸ್ ಸೀಟುಗಳು ಆಯಾ ರಾಜ್ಯದವರಿಗೇ ಮೀಸಲು. ಬೇರೆ ಉಪನಿಯಮಗಳೂ ಇರುವುದರಿಂದ ಎರಡೂ ರಾಜ್ಯಗಳ ಆಯಾ ವರ್ಷದ ಪ್ರಕಟಣೆಯನ್ನು ಓದಿಕೊಂಡೇ ಹೆಜ್ಜೆ ಇಡಿ ಎಂದೆ. ಆದರೆ ಹತ್ತನೆಯದನ್ನು ಇಲ್ಲೇ ಮುಗಿಸಿ ಹೋದರೆ ಕರ್ನಾಟಕದ ಬಾಗಿಲು ಮುಚ್ಚುವುದಿಲ್ಲ. ಹದಿನೆಂಟು ಸಾಲುಗಳ ಕಡತದಲ್ಲಿ ಇದು ಇರಲೇ ಇಲ್ಲ.

ಪತಿಗೆ ಹೇಳಿದ್ದು: ಆರು ವಾರ ಈ ನಿರ್ಧಾರವನ್ನು ಕೈಯಲ್ಲಿ ಹಿಡಿಯಬೇಡಿ. ಅದಕ್ಕೆ ಮೊದಲು ಕಚೇರಿಯಲ್ಲಿ ಆ ಮೂರು ದಿನಗಳನ್ನು ಕೇಳಿ. ಪತ್ನಿಗೆ ಹೇಳಿದ್ದು: ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೋಗಿ ಹುಡುಕುವುದಲ್ಲ, ಇಲ್ಲಿಂದಲೇ ಅರ್ಜಿ ಹಾಕಿ. ಹದಿನಾಲ್ಕು ವರ್ಷದ ಅನುಭವವುಳ್ಳ ಶಿಕ್ಷಕಿಯನ್ನು ಆ ಊರು ಕರೆದರೆ ಆ ಖಾಲಿ ಗಂಟೆಗಳು ತಾವೇ ತುಂಬುತ್ತವೆ. ಇಬ್ಬರಿಗೂ ಹೇಳಿದ್ದು: ಡಿಸೆಂಬರ್‌ನ ತಂಪಿನಲ್ಲಿ ಎರಡು ದಿನ ಹೋಟೆಲಿನಲ್ಲಿದ್ದು ಊರನ್ನು ಅಳೆಯಬೇಡಿ. ಬೇಸಿಗೆ ರಜೆಯಲ್ಲಿ ಮೂರು ವಾರ ಬಾಡಿಗೆ ಮನೆ ಹಿಡಿದು, ಅಡುಗೆ ಮಾಡಿಕೊಂಡು, ಕೆಲಸವನ್ನೂ ಅಲ್ಲಿಂದಲೇ ಮಾಡಿ ಇದ್ದು ನೋಡಿ. ಮುಂದೆ ಹೋಗುವುದೇ ಆದರೂ ಮೊದಲ ವರ್ಷ ಮನೆ ಕೊಳ್ಳಬೇಡಿ, ಇಲ್ಲಿಯದನ್ನು ಮಾರಬೇಡಿ. ಕಾರನ್ನು 12 ತಿಂಗಳಿಗಿಂತ ಹೆಚ್ಚು ಅಲ್ಲಿಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕಾಗುತ್ತದೆ, ಇಲ್ಲಿಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರವೂ ಬೇಕು ಎಂಬಂತಹ ಸಣ್ಣ ವಿಷಯಗಳನ್ನು ಅವರೇ ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಊರು ಬಿಟ್ಟರೆ ಚಿಕಿತ್ಸೆ ಏನಾಗುತ್ತದೆ ಎಂದು ಪತ್ನಿ ಕೇಳಿದರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ, 14416, ಬರೆದುಕೊಟ್ಟೆ. ಎಲ್ಲ ರಾಜ್ಯಗಳಲ್ಲಿಯೂ ಅದೇ ಸಂಖ್ಯೆ, ಶುಲ್ಕವಿಲ್ಲ, ಹಗಲು ರಾತ್ರಿ ಕರೆ ಮಾಡಬಹುದು.

ಅಜ್ಜಿಗೆ ನಾನು ಸಲಹೆ ಕೊಡಲಿಲ್ಲ. ಮಗನಿಗೆ ಕೊಟ್ಟೆ. ಒಪ್ಪಿಸಲು ಹೋಗಬೇಡಿ, ಸುಮ್ಮನೆ ಪಾರ್ಕಿಗೆ ಅವರ ಜೊತೆ ಹೋಗಿ ಅರ್ಧ ಗಂಟೆ ಕುಳಿತು ಬನ್ನಿ ಎಂದೆ. ಅವರು ಹೋದರು. ಬಂದು ಹೇಳಿದ್ದು: "ನನ್ನ ಅಮ್ಮ ಅಷ್ಟು ಜೋರಾಗಿ ನಗುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ."

ಮೇ ತಿಂಗಳಲ್ಲಿ ಮೂರು ವಾರ ಕೊಯಮತ್ತೂರಿನಲ್ಲಿ ಇದ್ದು ಬಂದರು. ಪತಿಯ ವರದಿ ಪ್ರಾಮಾಣಿಕವಾಗಿತ್ತು. ಗಾಳಿ ಚೆನ್ನಾಗಿದೆ, ಕುಡಿಯಲು ಬರುವ ಸಿರುವಾಣಿ ನದಿಯ ನೀರು ಚೆನ್ನಾಗಿದೆ, ಆದರೆ ಸಂಜೆ ಆರಕ್ಕೆ ಅಲ್ಲಿಯೂ ಕರೆಗಳು ಮುಗಿಯಲಿಲ್ಲ, ನಡಿಗೆ ಸಾಧ್ಯವಾದದ್ದು ಐದೇ ದಿನ. ಅಚ್ಚರಿ ಬಂದದ್ದು ಪತ್ನಿಯ ಕಡೆಯಿಂದ. ಎರಡು ಶಾಲೆಗಳಿಗೆ ಹೋಗಿ ಮಾತನಾಡಿ ಬಂದಿದ್ದರು. ಒಂದರಲ್ಲಿ ಪಾಠ ಮಾಡಿ ತೋರಿಸಿಯೂ ಬಂದಿದ್ದರು. ತಮಿಳು ಕಲಿಯಲು ಶುರು ಮಾಡಿದ್ದೇನೆ ಎಂದು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು. ಆ ಸೀಮೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತನಾಡುವ ಮನೆತನಗಳಿವೆ. ಬಾಡಿಗೆ ಮನೆಯ ಎದುರುಮನೆಯಾಕೆ ಅಜ್ಜಿಯನ್ನು ತನ್ನದೇ ಧಾಟಿಯ ಕನ್ನಡದಲ್ಲಿ ಮಾತನಾಡಿಸಿದಳಂತೆ.

ಮಗಳು ಹತ್ತನೆಯ ತರಗತಿ ಮುಗಿಸುವವರೆಗೆ ಇಲ್ಲೇ ಇರುವುದು, ಆಮೇಲೆ ಮತ್ತೆ ನಾಲ್ವರೂ ಕುಳಿತು ಮಾತನಾಡುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಕಂಪನಿ ಕೊಟ್ಟದ್ದು ಮೂರಲ್ಲ, ಎರಡು ದಿನ. ಆ ಎರಡು ಸಂಜೆ ಅಪ್ಪ ಮಗಳು ನಡೆಯುತ್ತಾರೆ. ಕೆಲವು ವಾರ ಅದೂ ತಪ್ಪುತ್ತದೆ. ಬೇಸಿಗೆಯ ನೀರಿನ ಚಿಂತೆ ಹಾಗೆಯೇ ಇದೆ.

ಕಳೆದ ದೀಪಾವಳಿಯ ಹೊತ್ತಿಗೆ ಪತ್ನಿ ಕರೆ ಮಾಡಿದ್ದರು. ಅತ್ತೆ ಪಾರ್ಕಿನಲ್ಲಿ ಹೊಸ ಚೀಟಿಗೆ ಸೇರಿದ್ದಾರಂತೆ, ಇಪ್ಪತ್ತು ತಿಂಗಳದ್ದು. ಕೊನೆಯ ಕಂತು ಯಾವ ತಿಂಗಳಿಗೆ ಬರುತ್ತದೆ ಎಂದು ಮೊಮ್ಮಗಳ ಕೈಯಲ್ಲಿ ಲೆಕ್ಕ ಹಾಕಿಸಿ, ಅವಳ ಹತ್ತನೇ ತರಗತಿಯ ಪರೀಕ್ಷೆ ಅದಕ್ಕೆ ಮೊದಲು ಮುಗಿಯುತ್ತದೆಯೇ ಎಂದು ಕೇಳಿಕೊಂಡ ಮೇಲೆಯೇ ಮೊದಲ ಕಂತು ಕಟ್ಟಿದರಂತೆ.