ಚರ್ಚ್ ಮೆಂಬರ್ ಆಗಿದ್ರೆ ಮಾತ್ರ ವೋಟು: ಪ್ಯೂರಿಟನ್ ಕಾಲೊನಿಗಳಲ್ಲಿ ನಡೆದಿದ್ದೇನು?

ಪ್ರಶ್ನೆ: ಸರ್, ಧರ್ಮದ ಸ್ವಾತಂತ್ರ್ಯ ಬೇಕು ಅಂತ ಇಂಗ್ಲೆಂಡ್ ಬಿಟ್ಟು ಅಮೆರಿಕಕ್ಕೆ ಹೋದ ಪ್ಯೂರಿಟನ್ನರು (ಇಂಗ್ಲೆಂಡಿನ ಚರ್ಚನ್ನ ಇನ್ನೂ ಶುದ್ಧ ಮಾಡ್ಬೇಕು ಅಂತಿದ್ದ ಕ್ರೈಸ್ತರು) ಅಲ್ಲಿ ಚರ್ಚ್ ಸದಸ್ಯರಿಗೆ ಮಾತ್ರ ವೋಟು ಕೊಟ್ಟಿದ್ರು ಅಂತ ಓದಿದೆ. ಹಾಗಾದ್ರೆ ಪಾದ್ರಿಗಳದ್ದೇ ರಾಜ್ಯಭಾರನಾ? ಎಲ್ಲಾ ಕಡೆ ಇದೇ ರೂಲಾ?

ಉತ್ತರ: ನೀವು ಓದಿದ್ದು ನಿಜ, ಆದ್ರೆ ಅದು ಮ್ಯಾಸಚೂಸೆಟ್ಸ್ ಬೇ ಮತ್ತೆ ನ್ಯೂ ಹೇವನ್ ಅನ್ನೋ ಎರಡು ಕಾಲೊನಿಗಳ ವಿಷಯ, ಎಲ್ಲಾ ಕಡೆ ಹಂಗಿರಲಿಲ್ಲ.

ಮ್ಯಾಸಚೂಸೆಟ್ಸ್‌ನಿಂದ ಶುರು ಮಾಡೋಣ. 1629ರಲ್ಲಿ ರಾಜ ಕೊಟ್ಟ ಸನ್ನದು ಒಂದು ವ್ಯಾಪಾರಿ ಕಂಪನಿಗೆ ಕೊಟ್ಟಿದ್ದು, ಅದರಲ್ಲಿ 'ಫ್ರೀಮನ್' ಅಂದ್ರೆ ಕಂಪನಿಯ ಪಾಲುದಾರ ಅಷ್ಟೇ, ವೋಟು ಇದ್ದಿದ್ದು ಅವರಿಗೆ ಮಾತ್ರ. 1630ರಲ್ಲಿ ಕಾಲೊನಿಯ ಗವರ್ನರ್ ಜಾನ್ ವಿಂತ್ರಾಪ್ ಜೊತೆ ಸಮುದ್ರ ದಾಟಿ ಬಂದವರಲ್ಲಿ ಅಂಥವರು ಬೆರಳೆಣಿಕೆ. ಅವತ್ತೇ ಅವರು ಬಾಗಿಲು ಹಾಕ್ಕೊಂಡು ತಾವೇ ಆಳಬಹುದಿತ್ತು, ಕಾನೂನು ಅವರ ಕಡೆಗೇ ಇತ್ತು. ಆದ್ರೆ ಆ ಅಕ್ಟೋಬರ್‌ನಲ್ಲೇ ನೂರಕ್ಕೂ ಹೆಚ್ಚು ಜನ ನಮ್ಮನ್ನೂ ಫ್ರೀಮನ್ ಮಾಡಿ ಅಂತ ಕೇಳಿದ್ರು, 1631ರ ಮೇ ತಿಂಗಳಲ್ಲಿ ಹತ್ತಿರತ್ತಿರ ಅಷ್ಟೇ ಜನರಿಗೆ ಪ್ರಮಾಣವಚನ ಮಾಡಿಸಿ ಸೇರಿಸ್ಕೊಂಡ್ರು, ಆವಾಗ್ಲೇ ಇನ್ಮುಂದೆ ಇಲ್ಲಿನ ಯಾವುದಾದ್ರೂ ಚರ್ಚಿನ ಸದಸ್ಯರನ್ನ ಬಿಟ್ಟು ಬೇರೆ ಯಾರನ್ನೂ ಫ್ರೀಮನ್ ಮಾಡಲ್ಲ ಅಂತಾನೂ ಆರ್ಡರ್ ಮಾಡಿದ್ರು.

ಇದನ್ನ ಬರೀ ಕಡಿತ ಅಂತ ನೋಡಿದ್ರೆ ಅರ್ಧ ಮಾತ್ರ ಅರ್ಥ ಆಗುತ್ತೆ. ಆ ಕಾಲದ ಇಂಗ್ಲೆಂಡ್‌ನ ಕೌಂಟಿಗಳಲ್ಲಿ ಪಾರ್ಲಿಮೆಂಟಿಗೆ ವೋಟು ಹಾಕ್ಬೇಕಂದ್ರೆ ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವಳಿ ಇರೋ ಸ್ವಂತ ಜಮೀನು ಬೇಕಿತ್ತು. ಮ್ಯಾಸಚೂಸೆಟ್ಸ್‌ನ ಬಾಸ್ಟನ್‌ನಲ್ಲಿ ಜಮೀನು ಎಷ್ಟಿದೆ ಅಂತ ಯಾರೂ ಕೇಳ್ತಿರಲಿಲ್ಲ, ಚರ್ಚಿಗೆ ಸೇರಿದ ಬಡ ಬಡಗಿಗೂ ವೋಟು ಸಿಗೋ ಹಂಗಿತ್ತು. ಒಂದು ಕಡೆ ಬಾಗಿಲು ತೆಗೆದು ಇನ್ನೊಂದು ಕಡೆ ಹಾಕಿದ್ರು, ಎರಡೂ ಒಟ್ಟಿಗೇ ನಡೀತು.

ಕಷ್ಟ ಇದ್ದಿದ್ದು ಚರ್ಚಿಗೆ ಸೇರೋದ್ರಲ್ಲಿ. ಭಾನುವಾರ ಹೋಗಿ ಕೂತ್ರೆ ಸದಸ್ಯ ಆಗಲ್ಲ, ಹೋಗೋದಂತೂ ಎಲ್ಲರಿಗೂ ಕಡ್ಡಾಯಾನೇ ಇತ್ತು. 1630ರ ದಶಕದ ಮಧ್ಯಭಾಗದಿಂದ ಸಭೆ ಮುಂದೆ ನಿಂತು ನನ್ನ ಪಾಪ ನನಗೆ ಹೆಂಗೆ ಅರಿವಾಯ್ತು, ದೇವರ ಕೃಪೆ ನನ್ನೊಳಗೆ ಹೆಂಗೆ ಕೆಲಸ ಮಾಡ್ತು ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು, ಕೇಳಿದವರು ಒಪ್ಪಿದ್ರೆ ಮಾತ್ರ ಒಳಗೆ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ಊರಿನ ಪಾದ್ರಿ ಥಾಮಸ್ ಶೆಪರ್ಡ್ ಇಂಥ ಮಾತುಗಳನ್ನ ತನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದಾನೆ, ಮನೆಗೆಲಸದ ಹೆಣ್ಣುಮಕ್ಕಳು ಹೇಳಿದ್ದೂ ಅದರಲ್ಲಿದೆ. ನನಗೆ ಇಲ್ಲಿ ತುಂಬಾ ನೋವಾಗುತ್ತೆ: ಅದೇ ಪರೀಕ್ಷೆ ಪಾಸಾಗಿ ಅದೇ ಚರ್ಚಿಗೆ ಸೇರಿದ ಹೆಂಗಸರಿಗೆ ವೋಟು ಮಾತ್ರ ಇಲ್ಲ. ಹಂಗಾದ್ರೆ ಬರೀ ದೈವಭಕ್ತಿ ಅಳತೆಗೋಲು ಆಗಿರಲೇ ಇಲ್ಲ ಅಲ್ವಾ.

ಇನ್ನು ಪಾದ್ರಿಗಳ ಆಳ್ವಿಕೆನಾ ಅಂದ್ರೆ, ಅಲ್ಲ. ಪಾದ್ರಿಗಳು ಸರ್ಕಾರದ ಹುದ್ದೆ ಹಿಡೀತಿರಲಿಲ್ಲ, ಮದುವೆ ಮಾಡಿಸ್ತಿದ್ದಿದ್ದೂ ಮ್ಯಾಜಿಸ್ಟ್ರೇಟ್ (ಆಡಳಿತ, ನ್ಯಾಯ ಎರಡೂ ನೋಡ್ಕೊಳ್ಳೋ ಚುನಾಯಿತ ಅಧಿಕಾರಿ), ಚರ್ಚು ಯಾರನ್ನಾದ್ರೂ ಬಹಿಷ್ಕಾರ ಹಾಕಿದ್ರೂ ಅವನ ಸರ್ಕಾರಿ ಹುದ್ದೆ ಹೋಗಲ್ಲ ಅಂತ 1641ರ ಕಾನೂನಲ್ಲೇ ಬರೆದಿಟ್ರು. ಆದ್ರೂ ಮ್ಯಾಜಿಸ್ಟ್ರೇಟನ್ನ ಆರಿಸೋರು ಚರ್ಚಿನವರೇ, ಅವನೂ ಚರ್ಚಿನವನೇ, ಹಂಗಾಗಿ ಬೇರೆ ಥರ ಯೋಚನೆ ಮಾಡಿದವರಿಗೆ ಉಳಿಗಾಲ ಇರಲಿಲ್ಲ. ನಂಬಿಕೆ ವಿಷಯದಲ್ಲಿ ಮ್ಯಾಜಿಸ್ಟ್ರೇಟ್ ಕೈ ಹಾಕ್ಬಾರ್ದು ಅಂದ ರೋಜರ್ ವಿಲಿಯಮ್ಸ್‌ಗೆ 1635ರಲ್ಲಿ ಗಡಿಪಾರು. 1646ರಲ್ಲಿ ರಾಬರ್ಟ್ ಚೈಲ್ಡ್ ಅನ್ನೋ ಡಾಕ್ಟರ್ ಇನ್ನೂ ಕೆಲವರನ್ನ ಸೇರಿಸ್ಕೊಂಡು, ತೆರಿಗೆ ಕಟ್ತೀವಿ ಆದ್ರೆ ನಮಗೆ ಹಕ್ಕಿಲ್ಲ ಅಂತ ಅರ್ಜಿ ಕೊಟ್ಟ, ಸಿಕ್ಕಿದ್ದು ದಂಡ. ಮರುವರ್ಷ ಮಾತ್ರ 24 ವರ್ಷ ತುಂಬಿದ, ಫ್ರೀಮನ್ ಅಲ್ಲದ ಗಂಡಸರಿಗೆ ಊರಿನ ಮಟ್ಟದ ಕೆಲವು ವಿಷಯಗಳಲ್ಲಿ ವೋಟು ಬಿಟ್ಟುಕೊಟ್ರು. ಆ ಕಾಲದ ಕಾನೂನುಗಳಲ್ಲಿ ಇನ್ನೊಂದು ವಿಷಯ ಗೊತ್ತಾಗುತ್ತೆ, ಸರ್ಕಾರದ ಕೆಲಸ ಮೈಮೇಲೆ ಬೀಳುತ್ತೆ ಅಂತ ಚರ್ಚಿನ ಎಷ್ಟೋ ಸದಸ್ಯರು ಫ್ರೀಮನ್ ಆಗೋಕೇ ಬರ್ತಿರಲಿಲ್ಲ.

ಬೇರೆ ಕಾಲೊನಿಗಳಿಗೆ ಬಂದ್ರೆ, ನ್ಯೂ ಹೇವನ್ ಮ್ಯಾಸಚೂಸೆಟ್ಸ್‌ಗಿಂತ ಬಿಗಿ. 1639ರ ಜೂನ್ 4ರಂದು ಒಂದು ದೊಡ್ಡ ಕೊಟ್ಟಿಗೆಯಲ್ಲಿ ಎಲ್ಲರೂ ಸೇರಿದ್ರು ಅಂತ ಹೇಳ್ತಾರೆ, ಪಾದ್ರಿ ಜಾನ್ ಡ್ಯಾವನ್‌ಪೋರ್ಟ್ ಪ್ರಶ್ನೆ ಕೇಳ್ತಾ ಹೋದ, ಜನ ಕೈ ಎತ್ತಿ ಒಪ್ಪಿದ್ರು, ಚರ್ಚ್ ಸದಸ್ಯರಿಗೆ ಮಾತ್ರ ವೋಟು ಅಂತ ಆಯ್ತು. ಆಮೇಲೆ ಒಬ್ಬ ಎದ್ದು ನಿಂತ. ಅಧಿಕಾರಿಗಳು ದೇವರಿಗೆ ಹೆದರೋರಾಗಿರಬೇಕು ಸರಿ, ಆದ್ರೆ ಜನ ತಮ್ಮ ಕೈಲಿರೋ ಅಧಿಕಾರಾನ ಬಿಟ್ಟುಕೊಡಬಾರ್ದು ಅಂದ. ಆ ಒಬ್ಬನ ಮಾತನ್ನೂ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ, ಅದಕ್ಕೇ ಇವತ್ತು ನಮಗೆ ಗೊತ್ತು.

ಪಕ್ಕದ ಕನೆಕ್ಟಿಕಟ್‌ನಲ್ಲಿ ಅದೇ ವರ್ಷ ಮಾಡಿದ ನಿಯಮಗಳಲ್ಲಿ ಗವರ್ನರ್ ಚರ್ಚ್ ಸದಸ್ಯ ಆಗಿರಬೇಕು ಅಂತಿತ್ತು, ಮತದಾರನಿಗೆ ಆ ಷರತ್ತಿಲ್ಲ. ವಿಲಿಯಮ್ಸ್ 1636ರಲ್ಲಿ ಕಟ್ಟಿದ ಪ್ರಾವಿಡೆನ್ಸ್‌ನಲ್ಲಿ ಎಲ್ಲರೂ ಸೇರಿ ಮಾಡಿದ ತೀರ್ಮಾನಕ್ಕೆ ತಲೆಬಾಗ್ತೀವಿ ಅಂತ ಸಹಿ ಹಾಕಿದ್ರು, ಆದ್ರೆ 'ಲೌಕಿಕ ವಿಷಯಗಳಲ್ಲಿ ಮಾತ್ರ' ಅಂತ.

ಮ್ಯಾಸಚೂಸೆಟ್ಸ್ ರೂಲು ಒಳಗಿಂದ ಬೀಳಲಿಲ್ಲ. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಒತ್ತಡ ಹಾಕಿದ ಮೇಲೆ 1664ರಲ್ಲಿ ಸ್ವಲ್ಪ ಸಡಿಲ ಮಾಡಿದ್ರು, 1691ರ ಹೊಸ ಸನ್ನದಿನಲ್ಲಿ ವೋಟಿಗೆ ಚರ್ಚ್ ಸದಸ್ಯತ್ವದ ಷರತ್ತು ಹೋಗಿ ಆಸ್ತಿಯ ಷರತ್ತು ಬಂತು. ಭಕ್ತಿ ಇದ್ದು ಆಸ್ತಿ ಇಲ್ಲದವನು ಆವಾಗ ಹೊರಗೆ ಬಿದ್ದ.

ಪ್ರಶ್ನೆ: ಕಾಳು ಹಾಕಿ ವೋಟು ಮಾಡ್ತಿದ್ರು ಅಂತಾರಲ್ಲ, ನಿಜಾನಾ?

ಉತ್ತರ: ನಿಜ. 1643ರಲ್ಲಿ ಮ್ಯಾಸಚೂಸೆಟ್ಸ್ ಕಾನೂನೇ ಮಾಡ್ತು. ಗವರ್ನರ್ ಜೊತೆ ಕೂರೋ ಅಸಿಸ್ಟೆಂಟ್‌ಗಳನ್ನ ಆರಿಸುವಾಗ, ಹೆಸರು ಹೇಳಿದಾಗ ಅವನು ಬೇಕು ಅಂದ್ರೆ ಮೆಕ್ಕೆಜೋಳದ ಕಾಳು, ಬೇಡ ಅಂದ್ರೆ ಬೀನ್ಸ್ ಕಾಳು. ಒಂದಕ್ಕಿಂತ ಹೆಚ್ಚು ಹಾಕಿದ್ರೆ ದಂಡ. ಓದು ಬರಹ ಬರದಿದ್ದವನೂ ಹಾಕಬಹುದಿತ್ತು.