ಥೈರಾಯ್ಡ್ ಕಡಿಮೆ ಇದ್ದವರಿಗೆ ಟಿಎಸ್‌ಎಚ್ ಯಾಕೆ ಜಾಸ್ತಿ ಇರುತ್ತದೆ?

ಯಾಕೆಂದರೆ ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನೇ ಅಲ್ಲ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಅದನ್ನು ಮಾಡುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್‌ಗೆ ಅದು ‘ಇನ್ನಷ್ಟು ಹಾರ್ಮೋನು ಮಾಡು’ ಎಂಬ ಕೂಗು. ರಕ್ತದಲ್ಲಿ ಥೈರಾಯ್ಡಿನ ಹಾರ್ಮೋನುಗಳಾದ ಟಿ4, ಟಿ3 ಸಾಕಷ್ಟಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಕಡಿಮೆಯಾದರೆ ಕೂಗು ಜೋರಾಗುತ್ತದೆ. ಟಿ4 ಸ್ವಲ್ಪ ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಹಾಗಾಗಿ ಟಿ4 ಇನ್ನೂ ನಾರ್ಮಲ್ ಇರುವಾಗಲೇ ರಿಪೋರ್ಟಿನಲ್ಲಿ ಟಿಎಸ್‌ಎಚ್ 7 ಅಥವಾ 8 ಕಾಣಬಹುದು (ದೊಡ್ಡವರಲ್ಲಿ ಮಾಮೂಲಿ ಮಟ್ಟ ಸುಮಾರು 0.4ರಿಂದ 4).

ಥೈರಾಯ್ಡ್ ಕಡಿಮೆ ಇದ್ದವರಿಗೆ ಕೊಡುವ ಟಿ4 ಮಾತ್ರೆ ಶುರುಮಾಡಿ ಹತ್ತೇ ದಿನಕ್ಕೆ ಮತ್ತೆ ಟಿಎಸ್‌ಎಚ್ ಪರೀಕ್ಷೆಗೆ ರಕ್ತ ಕೊಡುವುದು ದುಡ್ಡು ದಂಡ. ದೇಹದಲ್ಲಿ ಟಿ4 ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಅದರ ಮಟ್ಟ ನೆಲೆನಿಂತು ಪಿಟ್ಯುಟರಿ ಹೊಂದಿಕೊಳ್ಳಲು 6 ವಾರವಾದರೂ ಆಗುತ್ತದೆ.

ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿದರೆ ಔಷಧಿ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಟಿಎಸ್‌ಎಚ್ ಇಳಿಯುವುದಿಲ್ಲ, ಸುಮ್ಮನೆ ಡೋಸ್ ಏರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ.